ವರ್ಲಿನ್‌ನ ಇನ್ನೊಂದು ಸಲ
ಅಯೋವಾದ ನಮ್ಮ ಪುಟ್ಟ ವಿಮಾನದಂಗಳದಲ್ಲಿ ಸ್ವಂತ ವಿಮಾನ ಕಟ್ಟಿಕೊಳ್ಳುವವರ ಪೈಕಿ ವರ್ಲಿನ್ ಸ್ಟ್ರೌಡನಷ್ಟು ನಿಧಾನಿ ಇನ್ನೊಬ್ಬನಿಲ್ಲ. ಹನ್ನೊಂದನೇ ವರ್ಷವೂ ಕಾಲು ಹೊರಗೆ, ತಲೆ ಸೀಟಿನಡಿ. ಇಂಧನದ ಪೈಪು ಬಗ್ಗಿಸುತ್ತಾನೆ, ಜೋಡಿಸುತ್ತಾನೆ, ಗಾಳಿ ತುಂಬಿ ಸೋಪಿನ ನೀರು ಹಚ್ಚಿ ಎಲ್ಲಾದರೂ ಸೋರುತ್ತದೆಯೇ ನೋಡುತ್ತಾನೆ, ನಿಟ್ಟುಸಿರಿಟ್ಟು ಬಿಚ್ಚುತ್ತಾನೆ. ಬ್ರೇಕಿನ ಪೈಪಿನಲ್ಲಿ ಒಂದು ಗಾಳಿಗುಳ್ಳೆ ಕಂಡರೂ ಎಣ್ಣೆಯನ್ನೆಲ್ಲ ಬಸಿದು ಮೊದಲಿನಿಂದ ಶುರು. ಯಾರು ಕೇಳಿದರೂ ಒಂದೇ ಮಾತು: "ಇನ್ನೊಂದು ಸಲ ನೋಡ್ಬಿಡ್ತೀನಿ ಕಣಪ್ಪ." ನಿನ್ನೆ ಅವನು ಸೊಂಟ ಹಿಡಿದುಕೊಂಡು ಏಳುವುದನ್ನು ನೋಡಲಾರದೆ ನಾನು ರೇಗಿದೆ: "ಸಾಕು ಮಾರಾಯ! ಒಂದು ತೊಟ್ಟೂ ಸೋರ್ತಿಲ್ಲ. ಹಾರು ಇನ್ನ!" ವರ್ಲಿನ್ ಕೈಯೊರೆಸಿಕೊಂಡ. "ನನ್ನ ಕಣ್ಣು ಮಂಜಾಯ್ತಲ್ಲೋ, ವಿಮಾನ ಹಾರಿಸೋ ಪರವಾನಗಿ ಹೋಗಿ ಎರಡು ವರ್ಷ. ನಾನೇ ಹಾರೋದಾಗಿದ್ರೆ ಯಾವತ್ತೋ ಮುಗಿಸ್ತಿದ್ದೆ. ಹಾರೋಳು ನನ್ನ ಮಗಳು." ಮತ್ತೆ ಸೀಟಿನಡಿ ತೂರಿದ. ನಾನು ಟಾರ್ಚು ಹಿಡಿದೆ.