ಜಾಲರಿ ಇಲ್ಲದೆ ಬಂದ ಸಂತ ಲಾರೆನ್ಸರು

ವಿಮಾನ ನೈರೋಬಿಯ ಎಂಬಕಸಿ ನಿಲ್ದಾಣದಲ್ಲಿ ಇಳಿಯುವಾಗ ಸಂತ ಲಾರೆನ್ಸರು ನನ್ನ ತೊಡೆಯ ಮೇಲಿದ್ದರು. ಒಂದೂವರೆ ಅಡಿಯ ಮರದ ಪ್ರತಿಮೆ. ಮಂಗಳೂರಿನಿಂದ ನೈರೋಬಿಯವರೆಗೆ ಅವರನ್ನು ಚೀಲದೊಳಗೆ ತುರುಕಬಾರದು ಎಂದು ಅಮ್ಮ ಮಾತು ತೆಗೆದುಕೊಂಡಿದ್ದರು.

ನೈರೋಬಿಯ ಲೊರೆಶೋ ಬಡಾವಣೆಯಲ್ಲಿರುವ ಜೆಸಿಂತಾ ಮಾವ್ಶಿ, ಅಂದರೆ ಅಮ್ಮನ ತಂಗಿ, ಕಳೆದ ವರ್ಷ ಕಾದ ಎಣ್ಣೆ ಚೆಲ್ಲಿ ಬಲಗೈ ಸುಟ್ಟುಕೊಂಡಿದ್ದರು. ಬೆರಳುಗಳು ಮತ್ತೆ ಮಡಚಿದರೆ ಊರಿನಿಂದ ಸಂತ ಲಾರೆನ್ಸರನ್ನು ತರಿಸಿ, ಅವರ ಹಬ್ಬದ ದಿನವೇ ಮನೆಯಲ್ಲಿ ಆಶೀರ್ವಾದ ಮಾಡಿಸುವುದಾಗಿ ಹರಕೆ ಹೊತ್ತರು. ಬೆರಳುಗಳು ಮಡಚಿದವು. ಮೂರು ದಿನ ರಜೆ ಸಿಕ್ಕಿದ್ದು ನನಗೆ, ಹಾಗಾಗಿ ತರುವ ಕೆಲಸ ನನ್ನದಾಯಿತು. ನಾನು ಬಂದಿಳಿದ ಮರುದಿನವೇ ಹಬ್ಬ, ಫಾದರ್ ಸಂಜೆ ಐದಕ್ಕೆ ಬರುವವರಿದ್ದರು.

ನಿಲ್ದಾಣದಲ್ಲಿ ಅಧಿಕಾರಿಯೊಬ್ಬರು ನನ್ನ ಸೂಟ್‌ಕೇಸ್ ತೆರೆಸಿ, ಒಣ ಸಿಗಡಿಯ ಪೊಟ್ಟಣವನ್ನು ಎತ್ತಿ ಮೂಸಿದರು. ಪರವಾನಗಿ ಇಲ್ಲದೆ ಮೀನು ತರುವಂತಿಲ್ಲ. ಅವರು ಹೇಳಿದ್ದು ನ್ಯಾಯವೇ. ಪೊಟ್ಟಣ ತೊಟ್ಟಿಗೆ ಬಿತ್ತು. ನಾನು ಸ್ವಾಹಿಲಿಯಲ್ಲಿ ‘ಅಸಾಂಟೆ’, ಧನ್ಯವಾದ, ಎಂದು ಹೊರಬಂದೆ. ಆಗಸ್ಟ್ ತಿಂಗಳ ನೈರೋಬಿ ಮೋಡ ಮುಚ್ಚಿ ಚಳಿ ಹಿಡಿದಿತ್ತು. ಆಫ್ರಿಕಾ ಎಂದರೆ ಸೆಕೆ ಎಂದು ಎಲ್ಲರೂ ಹೇಳಿದ್ದರಿಂದ ನನ್ನ ಬಳಿ ಇದ್ದದ್ದು ಹತ್ತಿಯ ಬಟ್ಟೆಗಳು ಮಾತ್ರ.

ಮನೆಯಲ್ಲಿ ಮಾವ್ಶಿ ಪ್ರತಿಮೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ, ಹಿಂದೆ ಮುಂದೆ ನೋಡಿ, “ಜಾಲರಿ ಎಲ್ಲಿ?” ಎಂದರು.

ನಾನು ಅಮ್ಮನಿಗೆ ಫೋನ್ ಮಾಡಿದೆ.

“ಸಿಗಡಿ ಪೊಟ್ಟಣದ ಒಳಗೆ ಇಟ್ಟಿದ್ದೇನಲ್ಲ,” ಎಂದರು ಅಮ್ಮ. “ಕಬ್ಬಿಣ ಕಂಡ್ರೆ ಆಯುಧ ಅಂತ ಹಿಡಿದುಕೊಳ್ತಾರೆ. ಆ ವಾಸನೆಗೆ ಯಾರೂ ಕೈ ಹಾಕುವುದಿಲ್ಲ ಅಂತ.”

“ನನಗೆ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ನಿನ್ನ ಮುಖ ನೋಡಿಯೇ ಹಿಡೀತಿದ್ರು.”

ರೋಮಿನಲ್ಲಿ ಲಾರೆನ್ಸರನ್ನು ಕಬ್ಬಿಣದ ಜಾಲರಿಯ ಮೇಲೆ ಜೀವಂತ ಸುಟ್ಟರು ಎಂಬುದು ಪರಂಪರೆ. ಜಾಲರಿಯೇ ಅವರ ಗುರುತು. ಅದಿಲ್ಲದಿದ್ದರೆ ಕೆಂಪು ನಿಲುವಂಗಿಯ ಯಾವ ತರುಣ ಹುತಾತ್ಮರೂ ಆಗಬಹುದು.

“ನಾನು ಹರಕೆ ಹೇಳಿದ್ದು ಸಂತ ಸ್ಟೀಫನರಿಗೆ ಅಲ್ಲ ಮಾರಾಯ್ತಿ!” ಎಂದರು ಮಾವ್ಶಿ.

ಅವರ ಮಗಳು ತಾನ್ಯಾ ಫೋನಿನಿಂದ ತಲೆ ಎತ್ತದೆ, “ಮಮ್ಮಾ, ನೋಬಡಿ ವಿಲ್ ನೋಟಿಸ್,” ಎಂದಳು.

“ಸಂತರಿಗೆ ಗೊತ್ತಾಗ್ತದೆ!”

ಹೀಗಾಗಿ ಹೊಸ ಜಾಲರಿ ಮಾಡಿಸಲು ಹಬ್ಬದ ಬೆಳಿಗ್ಗೆ ನೂರು ಶಿಲ್ಲಿಂಗ್ ಕೊಟ್ಟು ಮಟಾಟು ಎಂಬ ಬಾಡಿಗೆ ವ್ಯಾನು ಹತ್ತಿದೆ. ಒಳಗಿನ ಹಾಡಿನ ಅಬ್ಬರಕ್ಕೆ ಸೀಟೇ ನಡುಗುತ್ತಿತ್ತು. ನಗರದ ನಡುವಿನ ಸಿಬಿಡಿಯಲ್ಲಿ ಇಳಿದು, ತಗಡು ಬಡಿದು ಪೆಟ್ಟಿಗೆ, ಒಲೆಗಳನ್ನು ಮಾಡುವ ಕಮುಕುಂಜಿಗೆ ನಡೆದೆ. ಮೊದಲ ಮೂರು ಕಡೆ ನನಗೆ ಇಡೀ ಮೇಕೆ ಹಿಡಿಯುವ ಜಾಲರಿಗಳನ್ನು ತೋರಿಸಿದರು. ನಾಲ್ಕನೆಯ ಕಡೆ ಇದ್ದವರು ಇಂಗ್ಲಿಷ್ ಬಲ್ಲ, ನರೆಗಡ್ಡದ ಒಬ್ಬ ಹಿರಿಯರು.

“ಒಂದು ಗೇಣಿನ ಜಾಲರಿಯಾ? ಅದರಲ್ಲಿ ಏನು ಸುಡ್ತೀಯಮ್ಮ, ಇಲಿಯಾ?”

“ಸುಡುವುದಕ್ಕಲ್ಲ.”

“ಸುಡದ ಜಾಲರಿ ನಾನು ಮಾಡೋದಿಲ್ಲ.”

ನನ್ನ ವಿಶ್ವಾಸದ ಬಗ್ಗೆ ನಾನು ಗೆಳತಿಯರ ಜೊತೆಯೂ ಮಾತಾಡುವವಳಲ್ಲ. ಅಲ್ಲಿ ಆ ಸುತ್ತಿಗೆಗಳ ನಡುವೆ ಅದನ್ನು ಕೂಗಿ ಹೇಳಬೇಕಾಯಿತು. “ಲಾರೆನ್ಸ್ ಅಂತ ಒಬ್ಬರು! ಚರ್ಚಿನ ಸಂಪತ್ತೆಲ್ಲ ತಂದೊಪ್ಪಿಸು ಅಂತ ರೋಮಿನ ಅಧಿಕಾರಿ ಹೇಳಿದ! ಅವರು ಬಡವರನ್ನು, ಕುರುಡರನ್ನು, ಕುಂಟರನ್ನು ಕರೆದುಕೊಂಡು ಹೋಗಿ, ಇದೇ ನಮ್ಮ ಸಂಪತ್ತು ಅಂದರು! ಅದಕ್ಕೆ ಅವರನ್ನು ಜಾಲರಿಯ ಮೇಲೆ ಸುಟ್ಟರು! ಈ ಮಗ್ಗುಲು ಬೆಂದಿದೆ, ತಿರುಗಿಸಿ ಅಂದರಂತೆ!”

ಅಷ್ಟರಲ್ಲಿ ಅಕ್ಕಪಕ್ಕದ ಸುತ್ತಿಗೆಗಳು ನಿಂತಿದ್ದವು. ಕೊನೆಯ ಮಾತನ್ನು ನಾನು ನಿಶ್ಶಬ್ದದಲ್ಲಿ ಕಿರುಚಿದ್ದೆ.

ಹಿರಿಯರು ನಕ್ಕರು. ಆಮೇಲೆ, “ಆ ಬಡವರಿಗೆ ಏನಾಯ್ತು?” ಎಂದರು.

“ಯಾವ ಬಡವರಿಗೆ?”

“ಕರ್ಕೊಂಡು ಹೋಗಿದ್ದನಲ್ಲ. ಅವನು ಸತ್ತ ಮೇಲೆ ಅವರಿಗೆ ಊಟ ಹಾಕಿದ್ದು ಯಾರು?”

ಹತ್ತು ವರ್ಷ ಧರ್ಮೋಪದೇಶದ ತರಗತಿಯಲ್ಲಿ ಕೂತವಳು, ಇತಿಹಾಸದಲ್ಲಿ ಎಂ.ಎ. ಮಾಡಿದವಳು ನಾನು. ಗೊತ್ತಿಲ್ಲ ಎಂದೆ.

“ಅದು ಗೊತ್ತಿಲ್ಲ, ಜಾಲರಿ ಎಷ್ಟುದ್ದ ಅಂತ ಗೊತ್ತು,” ಎನ್ನುತ್ತ ಅವರು ಸರಳು ಕತ್ತರಿಸಲು ಕೂತರು.

ಜಾಲರಿ ಮುಗಿದಾಗ ಮಧ್ಯಾಹ್ನ ಒಂದು ಗಂಟೆ. ಕೇಳದಿದ್ದರೂ ನಾಲ್ಕು ಕಾಲು, ಒಂದು ಹಿಡಿಕೆ ಕೂಡಿಸಿದ್ದರು. ಸಂತರ ಕೈಯಲ್ಲಿ ನಿಲ್ಲದಷ್ಟು ಭಾರವಾಗಿದ್ದ ಅದನ್ನು ಮನೆಗೆ ತಂದು ಅವರ ಮಂಡಿಗೆ ಒರಗಿಸಿ ಇಟ್ಟೆವು. ಐದಕ್ಕೆ ಫಾದರ್ ಬಂದು ಪವಿತ್ರ ಜಲ ಚಿಮುಕಿಸಿದರು. ಮಾವ್ಶಿ ಸುಟ್ಟ ಕೈಯಲ್ಲೇ ಮೇಣದಬತ್ತಿ ಹಿಡಿದು ನಿಂತಿದ್ದರು. ಸದ್ಯ ಮುಗಿಯಿತು ಎಂದುಕೊಂಡೆ.

ಊಟಕ್ಕೆ ‘ಸಣ್ಣ’ ಎಂಬ ಉಬ್ಬಿದ ಅಕ್ಕಿ ಇಡ್ಲಿ, ಹಂದಿಮಾಂಸದ ಸಾರು. ದಿನವಿಡೀ ಅಲೆದ ಸಿಟ್ಟಿನಲ್ಲಿ ನಾನು ಆ ಹಿರಿಯರ ಪ್ರಶ್ನೆಯನ್ನು ದೂರಿನಂತೆಯೇ ಹೇಳಿದೆ. ಫಾದರ್ ಚಮಚ ಕೆಳಗಿಟ್ಟು, “ನನ್ನನ್ನು ಯಾರೂ ಇದನ್ನು ಕೇಳಿಲ್ಲ,” ಎಂದರು.

ಮಾವ್ಶಿ ಕೇಳಿದ್ದು ಬೇರೆ. “ಅವರನ್ನು ಊಟಕ್ಕೆ ಕರೆದ್ಯಾ?”

“ಇಲ್ಲ.”

“ಹಬ್ಬದ ದಿನ ಜಾಲರಿ ಮಾಡಿ ಕೊಟ್ಟವರನ್ನು ಕರೀಲಿಲ್ವಾ? ಇಷ್ಟು ಓದಿ ಎಂತಕ್ಕೆ? ಹಾಗಾದ್ರೆ ನನ್ನ ಹರಕೆ ಮುಗೀಲಿಲ್ಲ.”

ಮರುದಿನ ವಿಮಾನಕ್ಕೆ ಹೊರಟವಳ ಮಡಿಲಲ್ಲಿ ಮಾವ್ಶಿ, ಆ ಹಿರಿಯರಿಗೆ ಕೊಡು ಎಂದು, ಸಣ್ಣ ಮತ್ತು ಸಾರಿನ ದೊಡ್ಡ ಡಬ್ಬಿ ಇಟ್ಟರು. ಸಮಯವಿಲ್ಲ ಎಂದೆ. ಸಂತರು ನೋಡಿಕೊಳ್ತಾರೆ ಎಂದರು. ಕಾರು ಕಮುಕುಂಜಿಯ ತಿರುವಿನಲ್ಲಿ ಅರ್ಧ ಗಂಟೆ ಸಿಕ್ಕಿಹಾಕಿಕೊಂಡಿತು. ನಾನು ಗಡಿಯಾರ ನೋಡುತ್ತ ಇಳಿದು, ಓಡಿಹೋಗಿ ಹಿರಿಯರ ಕೈಗೆ ಡಬ್ಬಿ ಕೊಟ್ಟೆ.

ಹಿರಿಯರು ಡಬ್ಬಿ ತೆರೆದು ಒಂದು ಸಣ್ಣವನ್ನು ಮುರಿದರು. ತಿನ್ನಲಿಲ್ಲ. ಬೀದಿಯುದ್ದಕ್ಕೂ ಕೇಳುವಂತೆ ಏನೋ ಕೂಗಿದರು. ಸುತ್ತಿಗೆಗಳು ಒಂದೊಂದಾಗಿ ನಿಂತವು. ಕಾರು ತಿರುಗುವಾಗ ಹಿಂದಿನ ಗಾಜಿನಿಂದ ನೋಡಿದೆ: ಡಬ್ಬಿ ಆಗಲೇ ಐದಾರು ಅಂಗಡಿ ದಾಟಿ ಹೋಗಿತ್ತು, ಅವರು ಇನ್ನೂ ಕೂಗುತ್ತಲೇ ಇದ್ದರು.