ಬಾವಲಿ ದಾಟಿದ ಹೋಮ್ ಮ್ಯಾಚು

ಕಳೆದ ಭಾನುವಾರ ನನ್ನ ಮೊಮ್ಮಗಳು ಗೆದ್ದ ಕಪ್ಪನ್ನು ನಿಂತ ಜಾಗದಲ್ಲೇ ವಾಪಸ್ ಕೊಟ್ಟುಬಿಟ್ಟಳು. ಕಾರಣ, ನಾನು ತೊಳಸಿದ ರಾಗಿಮುದ್ದೆ.

ನಗಬೇಕಾ ಬೇಡವಾ ಅಂತ ಯೋಚಿಸಬೇಡಿ. ನಗಿ. ನಾನೂ ಅವತ್ತಿನಿಂದ ನಗುತ್ತಲೇ ಇದ್ದೇನೆ. ಮೊನ್ನೆ ಡೈರಿಗೆ ಹಾಲು ಹಾಕಲು ಹೋದವನು, ಈ ಕಥೆ ಹೇಳುವ ಭರದಲ್ಲಿ ಹಾಲು ಹಾಕುವುದನ್ನೇ ಮರೆತು ತುಂಬಿದ ಕ್ಯಾನು ಹೊತ್ತುಕೊಂಡು ಮನೆಗೆ ಬಂದೆ. (ಹೆಂಡತಿ ಜಯಮ್ಮ ಏನಂದಳು ಅನ್ನುವುದನ್ನು ಪೇಪರಿನಲ್ಲಿ ಬರೆಯುವ ಹಾಗಿಲ್ಲ.)

ಪ್ರತಿ ವಾರ ಈ ಜಾಗದಲ್ಲಿ ನನ್ನ ಹಸು, ನನ್ನ ಮಂಡಿನೋವು, ಹೊಗೆಸೊಪ್ಪಿನ ರೇಟು ಅಂತ ಬರೆದು ನಿಮ್ಮ ತಲೆ ತಿನ್ನುತ್ತೇನೆ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನ ಬರಹವನ್ನು ನೀವೂ ಪಾಪ ಸಹಿಸಿಕೊಂಡಿದ್ದೀರಿ. ಈ ವಾರ ಮಂಡಿಗೆ ರಜ. ಈ ವಾರ ಪೂರ್ತಿ ಸಿಂಚನ.

ಸಿಂಚನ ನನ್ನ ಮಗನ ಮಗಳು. ಹುಣಸೂರಿನಲ್ಲಿ ಡಿಗ್ರಿ ಕೊನೇ ವರ್ಷ. ನಮ್ಮ ತಾಲ್ಲೂಕಿನ ಹೆಣ್ಣುಮಕ್ಕಳ ಫುಟ್‌ಬಾಲ್ ಟೀಮಿಗೆ ಕ್ಯಾಪ್ಟನ್. ಬಾಲು ಕಾಲಿಗೆ ಸಿಕ್ಕಿತು ಅಂದರೆ ಹಗ್ಗ ಬಿಚ್ಚಿದ ಕರು. ಹಿಡಿಯುವವರಿಲ್ಲ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕಿನವರು ಸೇರಿ ಒಂದು ಲೀಗು ಮಾಡಿಕೊಂಡಿದ್ದಾರೆ. ಒಂದೊಂದು ಟೀಮಿಗೆ ಏಳು ಜನ. ಒಂದು ಸಲ ನಮ್ಮೂರಲ್ಲಿ ಆಡಬೇಕು, ಇನ್ನೊಂದು ಸಲ ಅವರೂರಲ್ಲಿ. ನಮ್ಮೂರಲ್ಲಾದರೆ ಹೋಮ್ ಮ್ಯಾಚು, ಅವರೂರಲ್ಲಾದರೆ ಅವೇ ಮ್ಯಾಚು. ಮೊದಮೊದಲು ಇದು ನನ್ನ ತಲೆಗೆ ಹೋಗಲಿಲ್ಲ. ಆಮೇಲೆ ಹೊಳೆಯಿತು. ಮದುವೆ ಹೆಣ್ಣಿನ ಕಡೆ, ಬೀಗರೂಟ ಗಂಡಿನ ಕಡೆ. ಅಷ್ಟೇ ತಾನೇ? ಇಷ್ಟಕ್ಕೆ ಇಂಗ್ಲಿಷ್ ಯಾಕೆ?

ಇನ್ನು ನಮ್ಮ ಹೋಮ್ ಗ್ರೌಂಡು. ಅದು ನನ್ನ ಹೊಲ!

ಗಾವಡಗೆರೆ ಹತ್ತಿರ ಹೊಗೆಸೊಪ್ಪು ಹಾಕದೆ ಬೀಳು ಬಿಟ್ಟಿದ್ದ ಒಂದೆಕರೆ. "ಪ್ರಾಕ್ಟೀಸ್‌ಗೆ ಎಲ್ಲೂ ಜಾಗ ಇಲ್ಲ ಕಣ್ ತಾತ" ಅಂತ ಸಿಂಚನ ಮುಖ ಸಣ್ಣದು ಮಾಡಿದ ದಿನವೇ ಉತ್ತೆ. ಹೆಂಟೆ ಒಡೆದೆ. ಡ್ರಮ್ಮಿಗೆ ನೀರು ತುಂಬಿ ಉರುಳಿಸಿ ಉರುಳಿಸಿ ಮಟ್ಟ ಮಾಡಿದೆ. (ಮಂಡಿನೋವಿನ ಮೂಲ ಈಗ ತಿಳಿಯಿತಾ?) ಗೋಲಿಗೆ ನೀಲಗಿರಿ ಕಂಬ. ಬಲೆಗೆ ಜಯಮ್ಮನ ಕೋಳಿ ಬಲೆ. ಡ್ರೆಸ್ಸಿಂಗ್ ರೂಮು? ಹೊಗೆಸೊಪ್ಪು ಬೇಯಿಸುವ ಬ್ಯಾರನ್ನು. ಅದರೊಳಗೆ ಬಟ್ಟೆ ಬದಲಾಯಿಸಿ ಬಂದ ಕೆ.ಆರ್. ನಗರದ ಮಕ್ಕಳು ಮೊದಲರ್ಧ ಪೂರ್ತಿ ಸೀನಿದರು. ಸೀನುತ್ತಲೇ ಎರಡು ಗೋಲು ಬಿಟ್ಟರು.

ಲೀಗಿನ ಕಡೆಯ ಮ್ಯಾಚು ಪಿರಿಯಾಪಟ್ಟಣದ ಮೇಲೆ, ನನ್ನ ಹೊಲದಲ್ಲಿ. ನಾವು ಗೆದ್ದರೆ ಕಪ್ಪು ನಮ್ಮದು. ಡ್ರಾ ಆದರೂ ಅವರದು. ನನ್ನ ಹೊಲದಲ್ಲಿ ನನ್ನ ಮೊಮ್ಮಗಳು ಕಪ್ಪು ಎತ್ತುವುದನ್ನು ನೋಡಬೇಕು ಅಂತ, ನನ್ನ ಕುರ್ಚಿ ಎಲ್ಲಿ ಹಾಕಬೇಕು ಅನ್ನುವುದಕ್ಕೂ ಸುಣ್ಣದಲ್ಲಿ ಗುರುತು ಮಾಡಿಟ್ಟಿದ್ದೆ.

ಅಷ್ಟರಲ್ಲಿ ಬಂದರು ಬೇಬಿ ಚೇಟ.

ಬೇಬಿ ಅಂದರೆ ಮಗುವಲ್ಲ, ಚೇಟ ಅಂದರೆ ಮಲಯಾಳದಲ್ಲಿ ಅಣ್ಣ. ಅರವತ್ತು ದಾಟಿದ, ಮುಖತುಂಬ ಮೀಸೆ ಇರುವ ವಯನಾಡಿನ ಮನುಷ್ಯ. ನಮ್ಮ ಕಡೆ ಹೊಲ ಗುತ್ತಿಗೆ ಹಿಡಿದು ಶುಂಠಿ ಬೆಳೆಯುತ್ತಾರೆ. ನನ್ನ ಪಕ್ಕದ ಹೊಲ ಅವರದೇ ಗುತ್ತಿಗೆ. ಮಕ್ಕಳ ಪ್ರಾಕ್ಟೀಸು ನೋಡುತ್ತಾ ನಿಂತರೆ ಶುಂಠಿಗೆ ನೀರು ಬಿಟ್ಟಿರುವುದೂ ನೆನಪಿರುವುದಿಲ್ಲ.

"ಯಜಮಾನ್ರೇ, ಈ ಮ್ಯಾಚ್ ನಮ್ಮ ಊರಲ್ಲಿ ಮಾಡುವಾ" ಅಂದರು. "ಇಲ್ಲಿ ಫುಟ್‌ಬಾಲ್ ಯಾರು ನೋಡ್ತಾರೆ? ನಮ್ಮಲ್ಲಿ ಮಗು ಹುಟ್ಟಿದ್ರೆ ಮುಖ ಆಮೇಲೆ. ಮೊದಲು ಕಾಲು ನೋಡ್ತಾರೆ!"

"ಅದೆಂಗಾದಾತು? ಹೋಮ್ ಮ್ಯಾಚ್ ನಮ್ದು. ನಿಮ್ಮೂರು ಫಾರಿನ್ನು" ಅಂದೆ.

"ಫಾರಿನ್ನಾ!"

"ಊ ಮತ್ತೆ. ಬಾವಲಿ ಗೇಟ್ ದಾಟಿ ಕೇರಳಕ್ಕೆ ಕಾಲಿಟ್ರೆ ಭಾಷೆ ಬ್ಯಾರೆ, ಬೋರ್ಡ್ ಬ್ಯಾರೆ, ಅನ್ನದ ಅಗುಳು ಒಂದೊಂದೂ ಉಣಸೆಬೀಜದ ಗಾತ್ರ. ಫಾರಿನ್ ಅಲ್ದೆ ಇನ್ನೇನು?"

ಲೀಗು ನಡೆಸುವ ಮೇಷ್ಟ್ರು ಮಾತ್ರ ಒಂದೇ ಮಾತಿಗೆ ಒಪ್ಪಿಬಿಟ್ಟರು. ಹೋಗಲಿ, ಸಿಂಚನಳೂ ಒಪ್ಪಿದಳು!

"ಅಲ್ಲ ಕಣವ್ವ, ನಮ್ಮೊಲ ಏನ್ ಪಾಪ ಮಾಡಿತ್ತು?"

"ತಾತ, ನಮ್ಮ ಮ್ಯಾಚ್ ನೋಡಕ್ ಬರೋರು ಯಾರೇಳು? ನೀನು, ಅಜ್ಜಿ, ಎಳ್ಡು ಎಮ್ಮೆ. ಅದ್ರಲ್ಲೂ ಅಜ್ಜಿ ಅರ್ಧಕ್ಕೇ ಎದ್ದೋಯ್ತದೆ. ಒಂದ್ಸಲ, ಒಂದೇ ಒಂದ್ಸಲ, ಜನ ಜೋರಾಗಿ ಕೂಗೋದ್ ಕೇಳ್ಬೇಕು ಕಣ್ ತಾತ."

ಆಮೇಲೆ ಮೊಬೈಲು ತೋರಿಸಿದಳು. ಯೂರೋಪಿನ ದೊಡ್ಡ ದೊಡ್ಡ ಲೀಗಿನವರೇ ತಮ್ಮ ದೇಶದ ಹೋಮ್ ಮ್ಯಾಚನ್ನು ಸಮುದ್ರ ದಾಟಿಸಿ ಅಮೆರಿಕದಲ್ಲೋ ಆಸ್ಟ್ರೇಲಿಯಾದಲ್ಲೋ ಆಡಿಸಬೇಕು ಅಂತ ಹೊರಟಿದ್ದಾರಂತೆ. ಅಲ್ಲಿ ಟಿಕೆಟ್ಟಿಗೆ ಜನ ಮುಗಿಬೀಳುತ್ತಾರಂತೆ. ಇತ್ತ ಸ್ವಂತ ಊರಿನ ಜನ ಬ್ಯಾನರು ಹಿಡಿದು ಬೈಯುತ್ತಿದ್ದಾರಂತೆ. ವಿಡಿಯೋದಲ್ಲಿ ಒಬ್ಬ ಮುದುಕ ಇದ್ದ. ಕತ್ತಿಗೆ ಪಟ್ಟೆಪಟ್ಟೆ ಮಫ್ಲರು, ಕೆಂಡದಂಥ ಮುಖ. ಅವನ ಭಾಷೆ ನನಗೆ ಬರದು. ಆದರೆ ಏನು ಬೈಯುತ್ತಿದ್ದಾನೆ ಅನ್ನುವುದು ಒಂದಕ್ಷರ ಬಿಡದೆ ಅರ್ಥವಾಯಿತು. ಅವನೂ ಎಲ್ಲೋ ಕುರ್ಚಿಗೆ ಗುರುತು ಮಾಡಿಟ್ಟಿದ್ದವನೇ ಇರಬೇಕು.

ಎರಡು ದಿನ ಮುನಿಸಿಕೊಂಡು ಕೂತೆ. ಮೂರನೇ ದಿನ ದಾರಿ ಕಂಡಿತು. ಬೀಗರೂಟವನ್ನು ಎಲ್ಲರೂ ಮನೆಯಲ್ಲೇ ಹಾಕುತ್ತಾರಾ? ಜಾಗ ಸಾಲದಿದ್ದರೆ ಛತ್ರದಲ್ಲಿ ಹಾಕುತ್ತಾರೆ. ಛತ್ರ ಯಾರದಾದರೇನು, ಬಡಿಸುವ ಕೈ ನಮ್ಮದು. ಹಾಗಾದರೆ ವಯನಾಡು ಛತ್ರ. ಮ್ಯಾಚು ನಮ್ಮದು. ಊಟವೂ ನಮ್ಮದೇ!

ಸುತ್ತಮುತ್ತ ಯಾರ ಬೀಗರೂಟವಾದರೂ ಮುದ್ದೆ ತೊಳಸಲು ಕರೆಯುವುದು ನನ್ನನ್ನೇ ಅನ್ನುವುದು ನಿಮಗೆ ಗೊತ್ತು. (ಗೊತ್ತಿಲ್ಲದವರಿಗೆ ಈಗ ಗೊತ್ತಾಯಿತು.) ಲಗೇಜ್ ಆಟೋಗೆ ದೊಡ್ಡ ಪಾತ್ರೆ, ಒಲೆ, ನನ್ನ ಮುದ್ದೆ ಕೋಲು, ರಾಗಿಹಿಟ್ಟು, ಜಯಮ್ಮ ದಿನವಿಡೀ ಕೂತು ಹಿತುಕಿದ ಅವರೆಕಾಳು, ಹೆಚ್ಚಿಟ್ಟ ನಾಟಿ ಕೋಳಿ ಎಲ್ಲ ಏರಿಸಿದೆ.

"ಆಟ ನೋಡಕ್ಕೋಯ್ತಿದ್ದೀರೋ, ಎಣ್ಣ ಒಪ್ಸಕ್ಕೋಯ್ತಿದ್ದೀರೋ?" ಅಂದಳು ಜಯಮ್ಮ.

ಬಾವಲಿಯಲ್ಲಿ ಗೇಟಿನವರು ಟಾರ್ಪಾಲು ಎತ್ತಿ ಬಗ್ಗಿ ನೋಡಿದರು. "ಏನ್ರೀ ಇದೆಲ್ಲ?"

"ಹೋಮ್ ಗ್ರೌಂಡು ಸಾ" ಅಂದೆ.

ಅವರು ಒಂದು ಸಲ ಮುದ್ದೆ ಕೋಲು ನೋಡಿದರು, ಒಂದು ಸಲ ನನ್ನ ಮುಖ ನೋಡಿದರು. "ಸಂಜೆ ಆರಕ್ಕೆ ಗೇಟ್ ಹಾಕ್ತೀವಿ. ಅಷ್ಟರೊಳಗೆ ನಿಮ್ಮ ಗ್ರೌಂಡ್ ವಾಪಸ್ ತಗೊಂಡ್ ಬನ್ನಿ" ಅಂದರು.

ಅಲ್ಲಿ ಹೋಗಿ ನೋಡಿದರೆ, ಕುಯ್ದ ಗದ್ದೆಯಲ್ಲಿ ಗ್ರೌಂಡು. ಸುತ್ತ ಅಡಿಕೆ ದಬ್ಬೆಯಲ್ಲಿ ಕಟ್ಟಿದ ಗ್ಯಾಲರಿ. ಬೆಳಿಗ್ಗೆಯೇ ಜನ! ಮೈಕಿನಲ್ಲಿ ನನ್ನ ಮೊಮ್ಮಗಳ ಹೆಸರನ್ನು "ಸಿಂಜನಾ, ಸಿಂಜನಾ" ಅಂತ ಎಳೆದೆಳೆದು ಕೂಗುತ್ತಿದ್ದರು. ನಾನು ಪಕ್ಕದಲ್ಲಿದ್ದ ಗುರುತಿಲ್ಲದವರಿಗೆಲ್ಲ "ನಮ್ಮುಡ್ಗಿ, ನಮ್ಮುಡ್ಗಿ" ಅಂತ ಎದೆ ಮುಟ್ಟಿಕೊಂಡು ತೋರಿಸಿದೆ. ಅವರಿಗೂ ಅರ್ಥವಾಯಿತು. ಒಬ್ಬ ಟೀ ಕುಡಿಸಿದ.

ಹನ್ನೊಂದಕ್ಕೆ ಮ್ಯಾಚು, ಆಮೇಲೆ ಊಟ. ಪ್ಲಾನು ಇಷ್ಟೇ. ಆದರೆ ಅಲ್ಲಿಯವರದೇ ಇನ್ನೊಂದು ಮ್ಯಾಚನ್ನು ಮೊದಲು ಹಾಕಿದ್ದರು. ಅದು ಮುಗಿಯಲೇ ಇಲ್ಲ. ನಮ್ಮದನ್ನು ಎರಡು ಗಂಟೆಗೆ ತಳ್ಳಿದರು. ಹನ್ನೆರಡೂವರೆಗೆ ನನ್ನ ಮುದ್ದೆ ರೆಡಿ. ನೀವೇ ಹೇಳಿ, ಬಿಸಿ ಮುದ್ದೆ ಯಾರಿಗಾದರೂ ಕಾಯುತ್ತದಾ? ಪಿರಿಯಾಪಟ್ಟಣದ ಮಕ್ಕಳು ಕೋಳಿ ಕೂಗುವಾಗ ಬಸ್ಸು ಹತ್ತಿದವರು. ಮುಖ ಬಾಡಿತ್ತು.

"ಬನ್ರವ್ವ, ಕೂತ್ಕಳಿ" ಅಂತ ಎಲೆ ಹಾಕಿಸಿಯೇಬಿಟ್ಟೆ.

ಸಿಂಚನ ಓಡಿ ಬಂದಳು. "ತಾತ, ಮ್ಯಾಚ್ ಮುಂಚೆ ಯಾರಾದ್ರೂ ಮುದ್ದೆ ಇಕ್ತಾರಾ?"

"ನೆಂಟ್ರುನ್ನ ಅಸ್ಕಂಡ್ ಕೂರ್ಸಕ್ಕಾಯ್ತದಾ? ಸುಮ್ಕೆ ಸಾರ್ ಬಡ್ಸು."

ಪಿರಿಯಾಪಟ್ಟಣದ ಕ್ಯಾಪ್ಟನ್ ದೀಕ್ಷಿತ, ತೆಂಗಿನ ಸಸಿಯ ಹಾಗೆ ಎತ್ತರದ ಹುಡುಗಿ, ಎಲೆಗೆ ಕೈ ಅಡ್ಡ ಹಿಡಿದಳು. "ತಾತ, ಅರ್ಧ ಸಾಕು."

"ಅರ್ಧ ಮುದ್ದೆ ಅಂತ ಪ್ರಪಂಚದಲ್ಲೇ ಇಲ್ಲ ಕಣವ್ವ" ಅಂತ ಪೂರ್ತಿ ಇಟ್ಟೆ. ಹಿತುಕಿದವರೆ ಸಾರು ಹೊಯ್ದ ಮೇಲೆ ಅವಳೇ ಎರಡನೆಯದಕ್ಕೆ ಕೈ ಚಾಚಿದಳು. ನನ್ನ ಮೇಲೆ ಪೂರ್ತಿ ತಪ್ಪು ಹೊರಿಸಬೇಡಿ.

ಏಳುವಷ್ಟರಲ್ಲಿ ಬೇಬಿ ಚೇಟ ಬಿರಿಯಾನಿ ಪಾತ್ರೆ ಹೊರಿಸಿಕೊಂಡು ಬಂದರು. "ಕೂತ್ಕೊಳ್ಳಿ, ಕೂತ್ಕೊಳ್ಳಿ! ನೆಲ ನಮ್ಮದು, ಗೆಸ್ಟೂ ನಮ್ಮದು. ಬಿರಿಯಾನಿ ತಿನ್ನದೆ ಒಬ್ಬರೂ ಏಳುವ ಹಾಗಿಲ್ಲ."

"ನೆಲ ನಿಮ್ದು ಸರಿ. ಮ್ಯಾಚ್ ಯಾರ್ದು? ನೆಂಟ್ರು ನಮ್ಮೋರು" ಅಂತ ನಾನು ಇನ್ನೊಂದು ಸೌಟು ಸಾರು ಹೊಯ್ದೆ. ಅವರು ಆ ತುದಿಯಿಂದ ಬಿರಿಯಾನಿ, ನಾನು ಈ ತುದಿಯಿಂದ ಕೋಳಿ. ಇಬ್ಬರು ಮನೆಯವರು, ಒಂದೇ ಸಾಲು ನೆಂಟರು. ಪಾಪ, ಯಾರಿಗೆ ಬೇಡ ಅಂದಾರು?

ನಮ್ಮ ಮಕ್ಕಳು? ಮನೆಯವರದು ಯಾವತ್ತೂ ಕಡೇ ಪಂಕ್ತಿ. ಬಡಿಸಿದರು, ನೀರು ಕೊಟ್ಟರು, ಎಲೆ ಎತ್ತಿದರು. ಅವರು ಕೂರುವ ಹೊತ್ತಿಗೆ ವಿಷಲ್ಲು ಊದಿದರು. ಒಂದೊಂದು ಬಾಳೆಹಣ್ಣು ಬಾಯಿಗೆ ತುರುಕಿಕೊಂಡು ಓಡಿದರು.

ಮುಂದಿನದನ್ನು ಬಿಡಿಸಿ ಹೇಳಬೇಕಾ?

ಮೊದಲ ಹತ್ತು ನಿಮಿಷ ಪಿರಿಯಾಪಟ್ಟಣದವರು ಹೇಗೋ ಓಡಿದರು. ಆಮೇಲೆ ನಡೆದರು. ಆಮೇಲೆ ನಿಂತರು. ಗೋಲು ಕಾಯುವ ಹುಡುಗಿ ಕಂಬಕ್ಕೆ ಒರಗಿ ಆಕಳಿಸಿದಳು. ದೀಕ್ಷಿತ ಹೆಡ್ ಮಾಡಲು ಎಗರಿದಳು. ಕಾಲು ನೆಲ ಬಿಡಲಿಲ್ಲ, ತೇಗು ಮಾತ್ರ ಬಂತು. ನಮ್ಮ ಹಸಿದ ಹುಡುಗಿಯರು ಗಾಳಿಪಟ! ನಾಲ್ಕು ಸೊನ್ನೆ. ಅದರಲ್ಲಿ ಎರಡು ಸಿಂಚನಳದು. ನಾನು ಮುದ್ದೆ ಕೋಲು ತಿರುಗಿಸಿಕೊಂಡು ಗ್ರೌಂಡಿಗೇ ನುಗ್ಗಿ ಕುಣಿದೆ. ಮಂಡಿನೋವು ಎಲ್ಲಿತ್ತೋ ದೇವರೇ ಬಲ್ಲ.

ಕಪ್ಪು ಕೊಟ್ಟರು. ಸಿಂಚನ ಇನ್ನೂ ಎತ್ತಿರಲಿಲ್ಲ. ದೀಕ್ಷಿತ ಹತ್ತಿರ ಬಂದು ಕೈ ಕುಲುಕಿದಳು. ಮುಖದಲ್ಲಿ ಕೋಪವಿರಲಿಲ್ಲ. "ಸಾರು ಚೆನ್ನಾಗಿತ್ತು ಕಣೇ" ಅಂದಳು. ಅಷ್ಟೇ.

ಸಿಂಚನ ತಿರುಗಿ ನನ್ನ ಹತ್ತಿರ ಬಂದಳು. ಕುಣಿಯುತ್ತಿದ್ದವನು ನಿಂತೆ.

"ತಾತ, ನಾಕ್ ಗೋಲಲ್ಲಿ ನಂದೆಷ್ಟು, ನಿನ್ ಮುದ್ದೇದೆಷ್ಟು?"

ಮುದ್ದೆ ಕೋಲು ಕೆಳಗಿಳಿಸಿದೆ. ಬೇಕಂತ ಮಾಡಿದ್ದಲ್ಲ ಅನ್ನಬೇಕು ಅಂತಿದ್ದೆ. ಅದು ಅವಳಿಗೂ ಗೊತ್ತಿತ್ತು.

ಅವಳು ಕಪ್ಪು ತೆಗೆದುಕೊಂಡು ಹೋಗಿ ಬೇಬಿ ಚೇಟನ ಕೈಯಲ್ಲಿಟ್ಟಳು. "ಇದು ನಿಮ್ಮತ್ರ ಇರ್ಲಿ ಚೇಟ. ಇನ್ನೊಂದ್ಸಲ ಆಡ್ತೀವಿ. ಅದ್ರಲ್ಲಿ ಗೆದ್ದೋರ್ಗೆ ಕೊಡಿ."

ಗ್ಯಾಲರಿಗೆ ತಲೆಬುಡ ತಿಳಿಯಲಿಲ್ಲ. ಬೇಬಿ ಚೇಟ ಮೈಕು ತೆಗೆದುಕೊಂಡು ಮಲಯಾಳದಲ್ಲಿ ಎಲ್ಲ ಬಿಡಿಸಿ ಹೇಳಿದರು. (ನಡುವೆ "ಮುದ್ದೆ" ಅಂದಾಗ ಎಲ್ಲರೂ ನನ್ನ ಕಡೆ ತಿರುಗಿದರು.) ಆಮೇಲೆ ಜನ ಎದ್ದು ನಿಂತು ಕೂಗಿದರು ನೋಡಿ! ನಾಲ್ಕು ಗೋಲಿಗೂ ಹಾಗೆ ಕೂಗಿರಲಿಲ್ಲ. ದಬ್ಬೆ ಗ್ಯಾಲರಿ ಅಲುಗಾಡಿತು. ಸಿಂಚನ ಸೊಂಟದ ಮೇಲೆ ಕೈಯಿಟ್ಟುಕೊಂಡು, ಕತ್ತೆತ್ತಿ, ಸುಮ್ಮನೆ ಕೇಳುತ್ತಾ ನಿಂತಿದ್ದಳು.

ಕಪ್ಪು ಗೆದ್ದ ಮೊಮ್ಮಕ್ಕಳು ಊರೂರಲ್ಲೂ ಸಿಗುತ್ತಾರೆ ಸ್ವಾಮಿ. ಕೈಗೆ ಬಂದ ಕಪ್ಪು ವಾಪಸ್ ಕೊಟ್ಟ ಮೊಮ್ಮಗಳು? ಒಬ್ಬಳನ್ನು ತೋರಿಸಿ ನೋಡೋಣ.

ಸರಿ, ಮ್ಯಾಚು ಇನ್ನೊಂದು ಸಲ ಎಲ್ಲಿ? ಅದನ್ನು ದೀಕ್ಷಿತಳೇ ಹೇಳಿದಳು. "ಹೋಮ್ ಮ್ಯಾಚ್ ನಿಮ್ದೇ ಅಲ್ವಾ? ನಿಮ್ ತಾತನ ಒಲಕ್ಕೇ ಬತ್ತೀವಿ."

ಗೇಟು ಹಾಕುವುದರೊಳಗೆ ಬಾವಲಿ ದಾಟಿ ಬರುವಷ್ಟೂ ದೂರ ನಾನು ಆಟೋದಲ್ಲಿ ಖಾಲಿ ಪಾತ್ರೆ ಬಡಿದುಕೊಂಡು ಹಾಡಿದೆ. ಈ ಭಾನುವಾರ ಮ್ಯಾಚು ನನ್ನ ಹೊಲದಲ್ಲಿ! ಬೇಬಿ ಚೇಟ ಎರಡು ಜೀಪಿನಲ್ಲಿ ಕೂಗುವ ಜನರನ್ನೂ ಕರೆತರುತ್ತಾರಂತೆ. ಕುರ್ಚಿಯ ಗುರುತಿಗೆ ಹೊಸದಾಗಿ ಸುಣ್ಣ ಬಳಿದಿದ್ದೇನೆ. ಆ ಮಫ್ಲರಿನ ಮುದುಕನಿಗೂ ಒಂದು ಕುರ್ಚಿ ಹಾಕಬಹುದಿತ್ತು.

ಪಿರಿಯಾಪಟ್ಟಣದವರದು ಎರಡೇ ಷರತ್ತು. ಒಂದು, ಬ್ಯಾರನ್ನಿನಲ್ಲಿ ಬಟ್ಟೆ ಬದಲಾಯಿಸುವುದಿಲ್ಲ. ಅದಕ್ಕೆ ನಾನು ಒಪ್ಪಿದೆ. ಎರಡು, ಆಟ ಮುಗಿಯುವವರೆಗೆ ತಾತ ಒಲೆ ಹಚ್ಚುವ ಹಾಗಿಲ್ಲ. ಅದಕ್ಕೆ ಸಿಂಚನ ನನ್ನನ್ನು ಕೇಳದೆಯೇ ಒಪ್ಪಿದ್ದಾಳೆ. ಜಯಮ್ಮ ಮುದ್ದೆ ಕೋಲನ್ನು ಎಲ್ಲಿ ಬಚ್ಚಿಟ್ಟಿದ್ದಾಳೋ, ಮನೆಯೆಲ್ಲ ಹುಡುಕಿದರೂ ಸಿಕ್ಕಿಲ್ಲ.

ಬಾಗಿಲಿಗೆ ಬಂದ ನೆಂಟರನ್ನು ಬರೀ ಹೊಟ್ಟೆಯಲ್ಲಿ ಓಡಾಡಿಸುವುದಕ್ಕೆ ಹೋಮ್ ಮ್ಯಾಚು ಅನ್ನುತ್ತಾರಾ, ನೀವೇ ಹೇಳಿ?