ಕುಚ್ಚು ಇನ್ನೂ ಆಗಿಲ್ಲ

ಅವರ ತುಟಿಗಳ ನಡುವೆ ಸದಾ ನಾಲ್ಕೈದು ಗುಂಡುಪಿನ್ನುಗಳು ಇರುತ್ತಿದ್ದವು. ಹಾಗಿಟ್ಟುಕೊಂಡೇ ಬಾಯಿಯ ಒಂದು ಮೂಲೆಯಿಂದ ಮಾತಾಡುತ್ತಿದ್ದರು, ನಗುತ್ತಿದ್ದರು, ಬೀದಿಯಲ್ಲಿ ಹೋಗುವ ಸೊಪ್ಪಿನವಳನ್ನು ನಿಲ್ಲಿಸಿ ಚೌಕಾಸಿಯನ್ನೂ ಮಾಡುತ್ತಿದ್ದರು. ಆದರೆ "ನನ್ನ ಬ್ಲೌಸ್ ಯಾವತ್ತು ಕೊಡ್ತೀರಿ?" ಎಂದು ಯಾರಾದರೂ ಕೇಳಿದರೆ ಸಾಕು, ಅದೇ ಪಿನ್ನುಗಳು ಮಾತಿಗೆ ಅಡ್ಡ ಬರುತ್ತಿದ್ದವು. ಬಾಯಿ ತೋರಿಸಿ, ಕೈಯಿಂದ ಗಾಳಿಯನ್ನು ಮುಂದಕ್ಕೆ ತಳ್ಳುತ್ತಿದ್ದರು. ನಾಳೆ ಎಂದು ಅದರ ಅರ್ಥ. ಯಾವ ನಾಳೆ ಎಂಬುದು ಅವರಿಗೂ ಗೊತ್ತಿರಲಿಲ್ಲ.

ಮೈಸೂರಿನ ಸಿದ್ಧಾರ್ಥನಗರದ ನಮ್ಮ ಅಡ್ಡರಸ್ತೆಯಲ್ಲಿ, ಒಂದು ಮನೆಯ ಮಹಡಿ ಮೆಟ್ಟಿಲ ಕೆಳಗೆ ಅವರ ಅಂಗಡಿ. ಬೀದಿಗೆಲ್ಲ ಅವರು ಟೈಲರಕ್ಕ. ಶಾಲೆ ಶುರುವಾಗುವಾಗ ಯೂನಿಫಾರ್ಮ್, ಉಳಿದ ಕಾಲದಲ್ಲಿ ರವಿಕೆ, ಚೂಡಿದಾರ್. ಕೆಲಸದ ಅಚ್ಚುಕಟ್ಟಿನಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ತಡ ಮಾಡುವುದರಲ್ಲಂತೂ ಇರಲೇ ಇಲ್ಲ. ದಸರಾಕ್ಕೆಂದು ಕೊಟ್ಟದ್ದು ದೀಪಾವಳಿಗೆ ಬರುತ್ತಿತ್ತು, ಸೀಮಂತಕ್ಕೆಂದು ಕೊಟ್ಟದ್ದು ನಾಮಕರಣಕ್ಕೆ. ಬೈದರೆ ಒಂದೇ ಉತ್ತರ: "ಬಟ್ಟೆ ಆಗ್ಲಿ ಮಕ್ಳಾಗ್ಲಿ, ಅರ್ಜೆಂಟಲ್ಲಿ ಮಾಡುದ್ರೆ ಫಿಟಿಂಗ್ ಬರಲ್ಲ ಕಣಮ್ಮ."

ಅಂಗಡಿಯ ಮೂಲೆಗೆ ಹಳೆಯ ಸೀರೆಯೊಂದನ್ನು ಪರದೆಯಾಗಿ ಇಳಿಬಿಟ್ಟಿದ್ದರು. ಅಳತೆ ಕೊಡುವುದು, ತೊಟ್ಟು ನೋಡುವುದು ಎಲ್ಲ ಅದರ ಹಿಂದೆ. ಅತ್ತೆಯಂದಿರು ಹಿಂಬಾಲಿಸಿ ಬರಲಾಗದ ಜಾಗ ನಮ್ಮ ಬೀದಿಯಲ್ಲಿ ಅದೊಂದೇ. ಹೊಸದಾಗಿ ಮದುವೆಯಾಗಿ ಬಂದ ಹೆಣ್ಣುಮಕ್ಕಳನ್ನು ಅಕ್ಕ ಅಲ್ಲಿ ಮೆಲ್ಲಗೆ ವಿಚಾರಿಸುತ್ತಿದ್ದರು: "ಮಗು ಈಗ್ಲೇ ಬೇಕಾ, ಇಲ್ಲಾ ಆಮೇಲೆ ಸಾಕಾ?" ಆಮೇಲೆ ಸಾಕು ಎಂದವರನ್ನು ಆರೋಗ್ಯ ಕೇಂದ್ರದ ಸಿಸ್ಟರ್ ಹತ್ತಿರ ಅಟ್ಟುತ್ತಿದ್ದರು. "ನಾನೇನ್ ಡಾಕ್ಟ್ರಲ್ಲ. ಮಾತ್ರೆ ಗೀತ್ರೆ ವಿಷ್ಯ ಅವ್ರನ್ನ ಕೇಳು. ಗಂಡನ್ನೂ ಕರ್ಕೊಂಡೋಗು, ಅವ್ನಿಗೂ ಒಸಿ ಬುದ್ಧಿ ಬರ್ಲಿ." ಹೊರಗೆ ಸ್ಟೂಲಿನ ಮೇಲೆ ಕೂತ ಅತ್ತೆ, ಒಂದು ರವಿಕೆ ನೋಡೋಕೆ ಇಷ್ಟೊತ್ತಾ ಎಂದು ಗೊಣಗಿದರೆ ಒಳಗಿನಿಂದ ಅಕ್ಕನ ದನಿ ಬರುತ್ತಿತ್ತು: "ಕಂಕುಳಲ್ಲಿ ಒಸಿ ಹಿಡೀತಾ ಅದೆ ಕಣಮ್ಮ, ಬಂದ್ವಿ!"

ನಾನು ಮೊದಲ ವರ್ಷದ ಪಿಯುಸಿಯಲ್ಲಿದ್ದಾಗ ನನ್ನ ಅಜ್ಜಿಗೆ ಸಾಯುವ ಯೋಚನೆ ಬಂತು. ಅದು ಅವಳಿಗೆ ಆಗಾಗ ಬಂದು ಹೋಗುತ್ತಿತ್ತು. ಆ ಸಲ ಮಾತ್ರ, ಮೊಮ್ಮಗಳ ಮದುವೆ ನೋಡದೆ ಸಾಯುವುದಿಲ್ಲ ಎಂದು ಷರತ್ತು ಹಾಕಿದಳು. ನನಗೆ ಹದಿನಾರು. ಅಜ್ಜಿಯ ದೂರದ ನೆಂಟರಲ್ಲಿ, ನಂಜನಗೂಡಿನ ಕಡೆ, ಗಂಡೂ ಸಿಕ್ಕಿತು. ಕಾನೂನು ನಮ್ಮ ಮನೆಯವರಿಗೆ ಗೊತ್ತಿರಲಿಲ್ಲವೆಂದಲ್ಲ. ಹದಿನೆಂಟಕ್ಕೆ ಮೊದಲು ಹೆಣ್ಣುಮಕ್ಕಳ ಮದುವೆ ಅಪರಾಧ ಎಂದು ಕಾಲೇಜಿನ ಕಾಂಪೌಂಡಿನ ಮೇಲೆ ಆಳೆತ್ತರಕ್ಕೆ ಬರೆದಿತ್ತು. ಸಿಟಿ ಬಸ್ಸಿನ ಡ್ರೈವರ್ ಆಗಿದ್ದ ನನ್ನ ಅಪ್ಪ ದಿನಕ್ಕೆ ಹತ್ತಾರು ಸಲ ಅದರ ಮುಂದೆಯೇ ಬಸ್ಸು ಓಡಿಸಿಕೊಂಡು ಹೋಗುತ್ತಿದ್ದರು. "ಊರ ದೇವಸ್ಥಾನದಲ್ಲಿ ಮುಗಿಸ್ಬುಟ್ರೆ ಯಾರ್ಗೆ ಗೊತ್ತಾಯ್ತದೆ?" ಎಂಬುದು ಅವರ ಧೈರ್ಯ.

ಗಂಡಿನ ಕಡೆಯವರು ಧಾರೆಗೆಂದು ಜರಿಯಂಚಿನ ಮೈಸೂರು ರೇಷ್ಮೆ ಸೀರೆ ಕಳಿಸಿದರು. ರವಿಕೆ ಹೊಲಿಸಲು, ಸೆರಗಿಗೆ ಕುಚ್ಚು ಕಟ್ಟಿಸಲು ಅಮ್ಮ ಅದನ್ನೂ ನನ್ನನ್ನೂ ಟೈಲರಕ್ಕನ ಅಂಗಡಿಗೆ ಕರೆದುಕೊಂಡು ಹೋದಳು. ಪರದೆಯ ಹಿಂದೆ ಅಕ್ಕ ಟೇಪು ಹಿಡಿದವರು ಅಳತೆ ತೆಗೆಯದೆ ನನ್ನ ಮುಖ ನೋಡಿದರು.

"ನಿಂಗೆ ಮೊನ್ನೆ ಮೊನ್ನೆ ಕಾಲೇಜ್ ಯೂನಿಫಾರ್ಮ್ ಹೊಲ್ಕೊಟ್ಟೋಳು ನಾನೇ ಅಲ್ವಾ ಮಗ?"

ತಲೆಯಾಡಿಸಿದೆ. ಅವರು ಬಾಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಸೆರಗಿಗೆ ಚುಚ್ಚಿಕೊಂಡರು. ಪಿನ್ನಿಲ್ಲದ ಅವರ ಬಾಯಿಯನ್ನು ನಾನು ನೋಡಿದ್ದು ಅದೇ ಮೊದಲು.

"ಓದ್ಬೇಕಾ, ಮದ್ವೆ ಬೇಕಾ?"

ಮನೆಯಲ್ಲಿ ಇಷ್ಟೆಲ್ಲ ಗದ್ದಲವಾಗುತ್ತಿದ್ದರೂ ಅದುವರೆಗೆ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಓದ್ಬೇಕು ಎನ್ನುವಷ್ಟರಲ್ಲಿ ಅಳು ಬಂತು. "ಅಳ್ಬೇಡ, ಟೇಪು ನೆಂದೋಯ್ತದೆ" ಎಂದು ಅಕ್ಕ ಪರದೆ ಸರಿಸಿ ಹೊರಗೆ ಹೋಗಿ ಅಮ್ಮನಿಗೆ ಹೇಳಿದರು: "ರವಿಕೆಗೇನಿಲ್ಲ, ಆಯ್ತದೆ. ಕುಚ್ಚು ಮಾತ್ರ ಒಸಿ ತಡ."

ಆ ಒಸಿ ಬೆಳೆಯತೊಡಗಿತು. ಮದುವೆಗೆ ವಾರವಿದೆ ಎನ್ನುವಾಗಲೂ ಸೀರೆಯ ಸುದ್ದಿ ಇಲ್ಲ. ಗದರಿಸಿ ಬರುತ್ತೇನೆಂದು ಹೊರಟ ಅಮ್ಮ ಪ್ರತಿಸಲವೂ ಅಲ್ಲಿ ಕಾಫಿ ಕುಡಿದು ಹಗುರವಾಗಿ ವಾಪಸಾಗುತ್ತಿದ್ದಳು. ಕೊನೆಗೆ ಅಪ್ಪನೇ ಖಾಕಿ ಅಂಗಿಯಲ್ಲಿ ಹೋಗಿ ನಿಂತರು.

"ಕುಚ್ಚು ಕಟ್ಟೋಳು ಬಾಣಂತನಕ್ಕೆ ತವರಿಗೆ ಹೋಗ್ಬುಟ್ಟವ್ಳೆ ಅಣ್ಣ," ಎಂದರು ಅಕ್ಕ. "ಹುಣಸೂರಿನ ಕಡೆ. ಸೀರೆನೂ ಅಲ್ಲೇ ಅದೆ. ಬೇಕಾದ್ರೆ ನೀವೇ ಹೋಗಿ ಬಾಣಂತಿ ಕೋಣೆ ಬಾಗ್ಲು ಬಡ್ದು ಕೇಳಿ."

ಫುಟ್‌ಬೋರ್ಡಿನಲ್ಲಿ ಜೋತಾಡುವ ಹುಡುಗರನ್ನು ಒಂದೇ ಗರ್ಜನೆಗೆ ಒಳಗೆ ತಳ್ಳುತ್ತಿದ್ದ ಅಪ್ಪ ಬಾಣಂತಿ ಎಂಬ ಮಾತಿಗೆ ಹೆದರಿ ಬಂದರು. ಆಮೇಲೆ ಅಜ್ಜಿ ಕೋಲೂರಿಕೊಂಡು ಹೋದಳು. "ನಂಗೆ ಹದ್ಮೂರಕ್ಕೇ ಮದ್ವೆ ಆಯ್ತು. ಏನಾಗೋಯ್ತೇ ನಂಗೆ?" ಎಂದು ಬೀದಿಗೆ ಕೇಳುವಂತೆ ಕೂಗಿದಳು.

"ಏನಾಯ್ತು ಅಂತ ನಿಮ್ ಸೊಂಟನ ಕೇಳಿ ಅಜ್ಜಿ. ಕೂತ್ಕೊಳಿ ಮೊದ್ಲು. ನೋಡಿ, ಕೂರೋಕೂ ಆಯ್ತಾ ಇಲ್ಲ ನಿಮ್ಗೆ."

ಅಜ್ಜಿ ಮನೆಗೆ ಬಂದು ಸೊಂಟಕ್ಕೆ ಎಣ್ಣೆ ಹಚ್ಚಿಸಿಕೊಂಡು ಮಲಗಿದಳು.

ನೀವು ಕೊಟ್ಟ ಸೀರೆ ಟೈಲರ್ ಹತ್ತಿರ ಸಿಕ್ಕಿಬಿದ್ದಿದೆ ಎಂದು ಗಂಡಿನವರಿಗೆ ಹೇಳುವುದು ಹೇಗೆ? ಬೇರೆ ಸೀರೆ ಉಡಿಸಿದರೆ ಅವಮಾನವೆಂದು ಅವರು ಎದ್ದು ಹೋಗುತ್ತಾರೆ. ಅಪ್ಪ ಯೋಚಿಸಿ ಯೋಚಿಸಿ ಊರಿನಲ್ಲಿದ್ದ ನಮ್ಮ ದಾಯಾದಿ ದೊಡ್ಡಪ್ಪನೊಬ್ಬನನ್ನು ಫೋನಿನಲ್ಲೇ ಸಾಯಿಸಿಬಿಟ್ಟರು. ಸೂತಕ ಎಂದಮೇಲೆ ಮುಹೂರ್ತ ತಾನೇ ಮುಂದಕ್ಕೆ ಹೋಯಿತು. ಸೂತಕ ಕಳೆದರೂ ಕುಚ್ಚು ಆಗಲಿಲ್ಲ. ಅಷ್ಟರಲ್ಲಿ ಆಷಾಢ ಬಂತು. ಆ ತಿಂಗಳು ಯಾರೂ ಮದುವೆಯ ಮಾತೆತ್ತುವುದಿಲ್ಲ. ನಾನು ಎರಡನೆಯ ವರ್ಷದ ಪಿಯುಸಿಗೆ ಸೇರಿಕೊಂಡೆ.

ಆ ಆಷಾಢದಲ್ಲೇ ಗಂಡಿನ ತಂದೆ ಯಾವುದೋ ಕೆಲಸಕ್ಕೆಂದು ಮೈಸೂರಿಗೆ ಬಂದವರು ಮಾರ್ಕೆಟ್ಟಿನ ಹತ್ತಿರ ಕಾಫಿಗೆ ಕೂತಿದ್ದಾರೆ. ಎದುರಿಗೊಬ್ಬ ಗಟ್ಟಿಮುಟ್ಟಾದ ಮುದುಕ ಕಾಫಿಯನ್ನು ಬಸಿಗೆ ಬಗ್ಗಿಸಿಕೊಂಡು ಸೊರ್ರನೆ ಹೀರುತ್ತಿದ್ದಾನೆ. ಯಾವೂರು, ಯಾರ ಪೈಕಿ ಎಂದು ಮಾತು ಬೆಳೆಯಿತು. "ಅಯ್ಯೋ, ಆ ಮನೆ ಯಜಮಾನ್ರು ಮೊನ್ನೆ ತೀರ್ಕೊಂಡ್ರಂತಲ್ಲ?" ಎಂದು ಇವರು ಮರುಗಿದರು. "ಆ ಯಜಮಾನ ನಾನೇ ಕಣಯ್ಯಾ!" ಎಂದು ಮುದುಕ ಬಸಿ ಕೆಳಗಿಟ್ಟನಂತೆ.

ಸಂಜೆಯೇ ಫೋನ್ ಬಂತು. "ನಿಮ್ಮನೇಲಿ ಸತ್ತೋರೂ ಕಾಫಿ ಕುಡೀತಾರೆ. ಅಂಥ ಸಂಬಂಧ ನಮ್ಗೆ ಬ್ಯಾಡ. ನಮ್ ಸೀರೆ ವಾಪಸ್ ಕೊಡಿ."

ಅಪ್ಪ ಉರಿದುಕೊಂಡು ಅಂಗಡಿಗೆ ಹೋದರು. ತಮಾಷೆ ನೋಡಲು ಅವರ ಹಿಂದೆಯೇ ನಾನೂ ಹೋದೆ. ಸಂಬಂಧ ಮುರಿಯಿತು ಎಂಬ ಮಾತು ಮುಗಿಯುವ ಮೊದಲೇ ಅಕ್ಕ ಮೇಜಿನ ಕೆಳಗೆ ಕೈ ಹಾಕಿ ಸೀರೆ ತೆಗೆದುಕೊಟ್ಟರು. ಇಸ್ತ್ರಿಯಾಗಿತ್ತು, ಸೆರಗಿನುದ್ದಕ್ಕೂ ಒಂದೇ ಅಳತೆಯ ಕುಚ್ಚು ಸಾಲಾಗಿ ನಿಂತಿತ್ತು, ರವಿಕೆಯ ಬಟ್ಟೆಗೆ ಕತ್ತರಿ ತಾಗಿಯೇ ಇರಲಿಲ್ಲ. ಯಾವಾಗಲೋ ಮುಗಿಸಿಟ್ಟದ್ದು ಎಂದು ನೋಡಿದರೇ ತಿಳಿಯುತ್ತಿತ್ತು.

"ಮತ್ತೆ ಆ ಬಾಣಂತಿ?" ಎಂದರು ಅಪ್ಪ.

ಅಕ್ಕ ಪಿನ್ನುಗಳನ್ನು ಬಾಯಿಗಿಟ್ಟುಕೊಂಡರು.

ಸತ್ತವರು ಕಾಫಿ ಕುಡಿಯುವ ಮನೆ ಎಂಬ ಹೆಸರು ನಿಂತುಬಿಟ್ಟಿದ್ದರಿಂದ ನಾಲ್ಕೈದು ವರ್ಷ ಯಾವ ಗಂಡೂ ನಮ್ಮ ಬಾಗಿಲಿಗೆ ಸುಳಿಯಲಿಲ್ಲ. ನಾನು ಓದಿದೆ, ಡಿಗ್ರಿ ಮುಗಿಸಿದೆ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದೆ. ಬಾಲ್ಯವಿವಾಹ, ಹದಿಹರೆಯದ ಬಸಿರು ಇವನ್ನು ತಡೆಯುವುದು ಹೇಗೆಂದು ಈಗ ನಾನೇ ಊರೂರು ತಿರುಗಿ ಭಾಷಣ ಮಾಡುತ್ತೇನೆ. ಒಮ್ಮೆ ತರಬೇತಿಯಲ್ಲಿ, ಪರಿಣಾಮಕಾರಿಯಾದ ಕ್ರಮವೊಂದನ್ನು ಅನುಭವದಿಂದ ಹೇಳಿ ಎಂದರು. ನಾನು ಕುಚ್ಚಿನ ಕಥೆ ಹೇಳಿದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬ ಅಧಿಕಾರಿ ಮಾತ್ರ ನಗದೆ, ಇದು ಯಾವ ಯೋಜನೆಯಡಿ ಬರುತ್ತದೆ ಎಂದು ಕೇಳಿದರು.

ಅಕ್ಕನಿಗೆ ಇದನ್ನು ಹೇಳಿ, ನೀವು ಮಕ್ಕಳ ಸಹಾಯವಾಣಿಗೆ ಫೋನ್ ಮಾಡಬಹುದಿತ್ತಲ್ಲ ಎಂದೆ. "ಮಿಷಿನ್ ಮೇಲೇ ನಂಬರ್ ಅಂಟಿಸ್ಕೊಂಡಿದ್ದೆ ಮಗ. ಕುಚ್ಚು ಕೈಕೊಟ್ಟಿದ್ರೆ ಮಾಡೇ ಮಾಡ್ತಿದ್ದೆ. ಆದ್ರೆ ನಿಮ್ಮೋರು ಬಂದ್ರೆ ಆವತ್ತು ನಿಲ್ತದೆ, ಮುಂದಿನ್ ವಾರ ಇನ್ನೊಂದ್ ಗುಡೀಲಿ ಆಯ್ತದೆ. ನನ್ ಕೈಗೆ ಸಿಕ್ಕಿದ್ ಬಟ್ಟೆ ಎಲ್ಲಿಗೋಯ್ತದೆ ಹೇಳು?" ಎಂದರು.

ಇಪ್ಪತ್ತಾರಕ್ಕೆ, ನಾನೇ ಒಪ್ಪಿದವನೊಡನೆ ನನ್ನ ಮದುವೆ ಗೊತ್ತಾಯಿತು. ಸಾಯುತ್ತೇನೆನ್ನುತ್ತಿದ್ದ ಅಜ್ಜಿ ಇನ್ನೂ ಗಟ್ಟಿಯಾಗಿದ್ದಳು. ಅಕ್ಕನಿಗೆ ರವಿಕೆಯ ಬಟ್ಟೆ ಕೊಟ್ಟು, ಹೇಗೂ ಹೊತ್ತಿಗೆ ಸಿಗುವುದಿಲ್ಲವೆಂದು ಹಳೆಯದೊಂದನ್ನು ತೆಗೆದಿಟ್ಟುಕೊಂಡಿದ್ದೆ. ಮದುವೆಗೆ ಇನ್ನೂ ಎರಡು ವಾರವಿರುವಾಗ ಅಕ್ಕ ಫೋನ್ ಮಾಡಿದರು: "ಆಗಿದೆ, ಬಾ." ನಾನು ಗಾಬರಿಯಾಗಿ, ಹುಷಾರಾಗಿದ್ದೀರಾ ಎಂದು ಕೇಳಿದೆ.

ಪರದೆಯ ಹಿಂದೆ ತೊಟ್ಟು ನೋಡುತ್ತಿದ್ದಾಗ, ಇಷ್ಟು ಬೇಗ ಕೊಟ್ಟಿದ್ದೀರಲ್ಲ, ನನ್ನ ಮೇಲೆ ಕೋಪವೇ ಎಂದು ರೇಗಿಸಿದೆ. ಅವರು ನಗಲಿಲ್ಲ. ಪಿನ್ನುಗಳನ್ನು ತೆಗೆದರು.

"ಇದ್ಕೂ ಮುಂಚೆ ಒಂದೇ ಒಂದ್ ಸಲ ಹೇಳಿದ್ ದಿನಕ್ಕೆ ಕೊಟ್ಟಿದ್ದೆ ಮಗ. ಅಂಗಡಿ ಇಟ್ಟ ಹೊಸದು. ಒಳ್ಳೆ ಹೆಸ್ರು ತಗೋಬೇಕಿತ್ತು. ಹುಡ್ಗಿ ಹತ್ತನೇ ಕ್ಲಾಸು. ನಾಕ್ ತಿಂಗ್ಳಿಗೇ ಆ ರವಿಕೆ ಬಿಚ್ಚಿ ದೊಡ್ಡದ್ ಮಾಡ್ಕೊಡಿ ಅಂತ ಬಂದ್ಲು. ಮಾಡ್ಕೊಟ್ಟೆ. ಹೆರಿಗೆಗೆ ಹೋದೋಳು ವಾಪಸ್ ಬರ್ಲಿಲ್ಲ. ಆಮೇಲೆ ಅದೇ ರವಿಕೆ ಇನ್ನೊಂದ್ ಸಲ ಬಂತು, ಚಿಕ್ಕದ್ ಮಾಡ್ಕೊಡಿ ಅಂತ. ಅವಳ ತಂಗಿಗೆ."

"ಕೊಟ್ರಾ?" ಎಂದಷ್ಟೇ ಕೇಳಿದೆ.

"ಇಲ್ಲ. ಅವತ್ತೇ ತಡ ಮಾಡೋದ್ ಕಲ್ತಿದ್ದು."

ರವಿಕೆ ಕಳಚುವಾಗ ನೋಡಿದರೆ ಎರಡೂ ಪಕ್ಕದ ಹೊಲಿಗೆಯೊಳಗೆ ಧಾರಾಳವಾಗಿ ಬಟ್ಟೆ ಮಡಿಸಿಟ್ಟಿದ್ದರು. ಇಷ್ಟೊಂದು ಯಾಕೆ ಎಂದೆ. "ಇರ್ಲಿ. ಯಾವಾಗ ಬಿಚ್ಬೇಕು ಅಂತ ನೀನ್ ಹೇಳ್ಬೇಕು. ನಿಮ್ಮತ್ತೆ ಅಲ್ಲ, ನಾನೂ ಅಲ್ಲ" ಎಂದು ಪಿನ್ನುಗಳನ್ನು ಮತ್ತೆ ಬಾಯಿಗಿಟ್ಟುಕೊಂಡರು.

ಅವರು ಹೋಗಿ ಎರಡು ವರ್ಷವಾಯಿತು. ಬೆಳಿಗ್ಗೆ ಅಂಗಡಿ ತೆರೆದವರು ಮಧ್ಯಾಹ್ನದ ಹೊತ್ತಿಗೆ ಇರಲಿಲ್ಲ. ಬದುಕಿಡೀ ಎಲ್ಲವನ್ನೂ ತಡ ಮಾಡಿದವರು ಇದೊಂದನ್ನು ತಡ ಮಾಡಲಿಲ್ಲವಲ್ಲ ಎಂದು ಬೀದಿಯ ಹೆಂಗಸರೆಲ್ಲ ಅತ್ತರು. ಅಳುತ್ತಲೇ ಅವರವರ ಬಟ್ಟೆಗಳನ್ನು ಹುಡುಕಿಕೊಂಡರು. ನನ್ನದೂ ಎರಡು ಇದ್ದವು, ಅರ್ಧ ಹೊಲಿದವು. ಅವನ್ನು ಹಾಗೆಯೇ ಇಟ್ಟುಕೊಂಡಿದ್ದೇನೆ.

ಈ ವರ್ಷ ಮದುವೆಯ ರವಿಕೆ ನನಗೆ ಬಿಗಿಯಾಯಿತು. ಇನ್ನು ತಡ ಬೇಡ ಎಂದು ನಾನೂ ನನ್ನವರೂ ಕೂತು ಮಾತಾಡಿ ಬರಮಾಡಿಕೊಳ್ಳುತ್ತಿರುವ ಮಗು. ವಿಜಯನಗರದ ಹೊಸ ಅಂಗಡಿಯೊಂದಕ್ಕೆ ರವಿಕೆ ತೆಗೆದುಕೊಂಡು ಹೋದೆ. "ಒಂದ್ ಗಂಟೇಲಿ ಕೊಡ್ತೀವಿ ಮೇಡಂ" ಎಂದರು. ಯಾಕೋ ಕೊಡಲು ಮನಸ್ಸಾಗಲಿಲ್ಲ. ಮನೆಗೆ ತಂದು, ಕಿಟಕಿಯ ಬಳಿ ಕೂತು ನಾನೇ ಹೊಲಿಗೆ ಬಿಚ್ಚಿದೆ. ದಾರ ಒಂದೇ ಎಳೆಗೆ ಬಂತು. ಒಳಗೆ ಮಡಚಿಟ್ಟಿದ್ದ ಬಟ್ಟೆ ಇನ್ನೂ ಹೊಸದರಂತೆ ಹೊಳೆಯುತ್ತಿತ್ತು. ಅಂಚಿಗೆ ಅಕ್ಕ ಆಗಲೇ ಇನ್ನೊಂದು ಹೊಲಿಗೆ ಹಾಕಿಟ್ಟಿದ್ದರು, ಬಿಚ್ಚಿದವರು ಬೇರೆ ಯಾರ ಹತ್ತಿರವೂ ಹೋಗಬೇಕಾಗದಂತೆ. ಕಣ್ಣು ಒರೆಸಿಕೊಂಡು ತೊಟ್ಟು ನೋಡಿದೆ. ಫಿಟಿಂಗ್ ಸರಿಯಾಗಿ ಬಂದಿತ್ತು.